ನ್ಯಾನ್ಸಿ ಡ್ರೂ ಮೊದಲ ಪುಸ್ತಕ: 1930ರ ಪಠ್ಯಕ್ಕೂ 1959ರ ಪಠ್ಯಕ್ಕೂ ಎಷ್ಟು ದೂರ?

ಅಟ್ಟದಪೆಟ್ಟಿಗೆ

ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂ ಬಗೆಗಿನ ಅಮೆರಿಕದ ಮಕ್ಕಳ ಸರಣಿಯ ಮೊದಲನೆಯದು 'ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್'. ಆ ಪುಸ್ತಕದ ಎರಡು ಪ್ರತಿ ಪಕ್ಕಪಕ್ಕ ಇಟ್ಟುಕೊಂಡು ಓದ್ತಾ ಇದ್ದೀನಿ. ಒಂದರಲ್ಲಿ ನ್ಯಾನ್ಸಿಗೆ 16 ವರ್ಷ, ಇನ್ನೊಂದರಲ್ಲಿ 18. ಒಂದರಲ್ಲಿ ಹೊಲದ ಮನೆಯ ಅಕ್ಕತಂಗಿಯರ ಮನೆತನದ ಹೆಸರು ಹಾರ್ನರ್, ಇನ್ನೊಂದರಲ್ಲಿ ಹೂವರ್. ಒಂದು ಅಪ್ಪ-ಮಗಳ ಮಾತಿನಿಂದ ಶುರುವಾಗುತ್ತೆ, ಇನ್ನೊಂದು ಕಾರಿನಿಂದ. ಆದರೆ ಎರಡರ ಮೇಲೂ ಕ್ಯಾರೊಲಿನ್ ಕೀನ್ ಅನ್ನೋ ಒಂದೇ ಹೆಸರು, ಗ್ರಾಸೆಟ್ ಅಂಡ್ ಡನ್‌ಲಪ್ ಅನ್ನೋ ಒಬ್ಬರೇ ಪ್ರಕಾಶಕರು.

ಗೊತ್ತಿರೋರು ಹೇಳಿ: ಹೊರಗಿಂದ ನೋಡಿದರೆ ಯಾವ ಪಠ್ಯ ಅಂತ ತಿಳಿಯುತ್ತಾ? ಬದಲಾಗಿರೋದು ಬರೀ ಮಾತಿನ ಧಾಟಿಯಾ, ಕಥೆಯೇನಾ? ಅಧ್ಯಾಯವಾರು ಹೋಲಿಸಬೇಕಂದ್ರೆ ಎಲ್ಲಿಂದ ಹಿಡಿಯೋದು?

ಹಳದಿಬೆನ್ನು

ಮೊದಲನೆಯದಕ್ಕೆ ಉತ್ತರ: ಹೊರಗಿಂದ ತಿಳಿಯುವುದಿಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ.

ಹೊರಹೊದಿಕೆ, ಅಂದರೆ ಜಾಕೆಟ್ ಇದ್ದರೆ ಹಳೆಯ ಪಠ್ಯ, ರಟ್ಟಿನ ಮೇಲೇ ಚಿತ್ರ ಅಚ್ಚಾಗಿ ಬೆನ್ನು ಹಳದಿ ಇದ್ದರೆ ಹೊಸ ಪಠ್ಯ ಎಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಎರಡೂ ತಪ್ಪು. ಪಠ್ಯ ತಿದ್ದಲು ಶುರು ಮಾಡಿದ್ದು 1959ರಲ್ಲಿ. ಚಿತ್ರರಟ್ಟು ಬಂದದ್ದು 1962ರಲ್ಲಿ. ಈ ಎರಡು ಕೆಲಸಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಹಾಗಾಗಿ 1959ರಿಂದ 1961ರವರೆಗೆ ಅಚ್ಚಾದ 'ಓಲ್ಡ್ ಕ್ಲಾಕ್' ಜಾಕೆಟ್ ಹೊದ್ದಿದ್ದರೂ ಒಳಗಿರುವುದು ತಿದ್ದಿದ ಪಠ್ಯ. ಇದರ ತಿರುಗುಮುರುಗೂ ಉಂಟು: 'ದಿ ಮಿಸ್ಟರಿ ಅಟ್ ದಿ ಮಾಸ್-ಕವರ್ಡ್ ಮ್ಯಾನ್ಶನ್' ತಿದ್ದುಪಡಿಯಾದದ್ದು 1971ರಲ್ಲಿ, ಆದ್ದರಿಂದ ಅದರ ಹಳದಿ ಬೆನ್ನಿನ ಮೊದಮೊದಲ ಮುದ್ರಣಗಳಲ್ಲಿರುವುದು 1941ರ ಮೂಲ ಪಠ್ಯವೇ.

ಮುಖಪುಟದ ಚಿತ್ರವನ್ನೂ ನಂಬಬೇಡಿ. 'ಓಲ್ಡ್ ಕ್ಲಾಕ್'ಗೆ 1930ರಲ್ಲಿ ರಸೆಲ್ ಟ್ಯಾಂಡಿ ಚಿತ್ರ ಬರೆದರು, 1950ರಲ್ಲಿ ಬಿಲ್ ಗಿಲೀಸ್, 1966ರಲ್ಲಿ ರೂಡಿ ನಪ್ಪಿ. ಗಿಲೀಸ್ ಚಿತ್ರ ಹಳೆಯ ಪಠ್ಯದ ಮೇಲೂ ಇದೆ, ಹೊಸ ಪಠ್ಯದ ಮೇಲೂ ಇದೆ.

ಪುಸ್ತಕದ ದಪ್ಪವಂತೂ ಲೆಕ್ಕಕ್ಕೇ ಬರುವುದಿಲ್ಲ. 1930ರ ದಶಕದ ಕಾಗದ ದಪ್ಪ. ಯುದ್ಧಕಾಲದ ಮುದ್ರಣಗಳಲ್ಲಿ ಕಾಗದ ತೆಳುವಾಗಿ, ಅಷ್ಟೇ ಪುಟಗಳ ಅದೇ ಪಠ್ಯ ಅರ್ಧ ದಪ್ಪಕ್ಕೆ ಇಳಿದಂತೆ ಕಾಣುತ್ತದೆ.

ನಂಬಬೇಕಾದ್ದು ಒಳಗಿನದ್ದನ್ನು. ಅಧ್ಯಾಯಗಳನ್ನು ಎಣಿಸಿ. 25 ಇದ್ದರೆ ಮೂಲ, 20 ಇದ್ದರೆ ತಿದ್ದಿದ್ದು. 'ಓಲ್ಡ್ ಕ್ಲಾಕ್' ಮೂಲದಲ್ಲಿ 210 ಪುಟ, ತಿದ್ದಿದ್ದರಲ್ಲಿ 180. ಕಾಪಿರೈಟ್ ಪುಟದಲ್ಲಿ 1930 ಒಂದೇ ಇದ್ದರೆ ಮೂಲ. 1959 ಮತ್ತು 1930 ಎರಡೂ ಇದ್ದರೆ ತಿದ್ದಿದ್ದು. ಮೊದಲ ಅಧ್ಯಾಯದ ಹೆಸರು 'ದಿ ಲಾಸ್ಟ್ ವಿಲ್' ಆಗಿದ್ದರೆ ಹಳೆಯದು, 'ದಿ ರೆಸ್ಕ್ಯೂ' ಆಗಿದ್ದರೆ ಹೊಸದು. ಅಂಗಡಿಯಲ್ಲಿ ನಿಂತುಕೊಂಡೇ ಅರ್ಧ ನಿಮಿಷದಲ್ಲಿ ಇಷ್ಟನ್ನೂ ನೋಡಬಹುದು.

ಅಯೋವಾ_ಕನ್ನಡತಿ

ಹಳದಿಬೆನ್ನು ಅವರು ಹೇಳಿದ್ದಕ್ಕೆ ಹಿನ್ನೆಲೆ ಸೇರಿಸುತ್ತೇನೆ. ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ ಬದಲಾಯಿಸಿದರು ಎಂಬುದು ಅರ್ಥವಾಗದು.

ಕ್ಯಾರೊಲಿನ್ ಕೀನ್ ಎಂಬ ಒಬ್ಬ ವ್ಯಕ್ತಿ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟಮೇಯರ್ ನಡೆಸುತ್ತಿದ್ದ ಸ್ಟ್ರಾಟಮೇಯರ್ ಸಿಂಡಿಕೇಟ್ ಕಥೆಯ ಹಂದರ ಬರೆದು ಕೊಡುತ್ತಿತ್ತು, ಬೇರೆ ಬರಹಗಾರರು ಅದನ್ನು ಪುಸ್ತಕವಾಗಿ ಬೆಳೆಸುತ್ತಿದ್ದರು. ನ್ಯಾನ್ಸಿ ಡ್ರೂ ಮೊದಲ ಪುಸ್ತಕಗಳನ್ನು ಬರೆದವರು ಅಯೋವಾ ರಾಜ್ಯದ ಲಡೋರಾದಲ್ಲಿ ಹುಟ್ಟಿದ ಮಿಲ್ಡ್ರೆಡ್ ವರ್ಟ್, ಮುಂದೆ ಮಿಲ್ಡ್ರೆಡ್ ವರ್ಟ್ ಬೆನ್ಸನ್. ಪುಸ್ತಕಕ್ಕೆ 125 ಡಾಲರ್ ಒಂದೇ ಸಲ ಸಂದಾಯ, ರಾಯಧನವಿಲ್ಲ, ಹಕ್ಕು ಪೂರ್ತಿ ಸಿಂಡಿಕೇಟಿನದು. ಮೊದಲ 30 ಪುಸ್ತಕಗಳಲ್ಲಿ 23 ಅವರ ಕೈಯವು. 8, 9, 10ನೆಯವು ವಾಲ್ಟರ್ ಕ್ಯಾರಿಗ್ ಅವರವು.

ಮೊದಲ ಮೂರು ಪುಸ್ತಕ ಹೊರಬಂದದ್ದು 1930ರ ಏಪ್ರಿಲ್ 28ರಂದು. ಹನ್ನೆರಡೇ ದಿನದಲ್ಲಿ, ಮೇ 10ರಂದು, ಸ್ಟ್ರಾಟಮೇಯರ್ ತೀರಿಕೊಂಡರು. ಸಂಸ್ಥೆ ಹೆಣ್ಣುಮಕ್ಕಳಾದ ಹ್ಯಾರಿಯೆಟ್ ಮತ್ತು ಎಡ್ನಾ ಕೈಗೆ ಬಂತು. 1959ರಲ್ಲಿ 'ಓಲ್ಡ್ ಕ್ಲಾಕ್' ಮತ್ತು 'ದಿ ಹಿಡನ್ ಸ್ಟೇರ್‌ಕೇಸ್' ಎರಡನ್ನೂ ತಿದ್ದಿ ಬರೆದವರು ಈ ಹ್ಯಾರಿಯೆಟ್ ಆಡಮ್ಸ್ ಅವರೇ. ಆಗ ಶುರುವಾದ ಕೆಲಸ ಮೊದಲ 34 ಪುಸ್ತಕಗಳನ್ನೂ ಮುಟ್ಟಿ 1977ರ ಹೊತ್ತಿಗೆ ಮುಗಿಯಿತು.

ಕಾರಣ ಒಂದೇ ಅಲ್ಲ. ಕಪ್ಪು ಜನರನ್ನೂ ಹೊರದೇಶದಿಂದ ಬಂದವರನ್ನೂ ಹೀನಾಯವಾಗಿ ತೋರಿಸಿದ್ದರ ಬಗ್ಗೆ ದೂರುಗಳಿದ್ದವು. ರೋಡ್‌ಸ್ಟರ್ ಎಂಬ ಹಳೆಯ ಕಾಲದ ತೆರೆದ ಕಾರು, ಮೂವತ್ತರ ದಶಕದ ಉಡುಪು, ಮಾತುಗಳೆಲ್ಲ ಐವತ್ತರ ದಶಕದ ಮಕ್ಕಳಿಗೆ ದೂರವಾಗಿದ್ದವು. 25 ಅಧ್ಯಾಯವನ್ನು 20ಕ್ಕೆ ಇಳಿಸಿದರೆ ಅಚ್ಚಿನ ಖರ್ಚೂ ಇಳಿಯುತ್ತಿತ್ತು. ಸವೆದ ಅಚ್ಚಿನ ಫಲಕಗಳನ್ನು ಹೇಗೂ ಹೊಸದಾಗಿ ಮಾಡಿಸಬೇಕು, ಆಗಲೇ ಪಠ್ಯವನ್ನೂ ಬದಲಿಸಿಬಿಡೋಣ ಎನ್ನುವ ವ್ಯಾವಹಾರಿಕ ಲೆಕ್ಕವೂ ಇತ್ತು.

ಸಪ್ತಾಪುರ_ಓದುಗ

30 ಪುಟ ಕಡಿಮಿ ಆತು ಅಂದ್ರ ಏಳರಾಗ ಒಂದು ಪಾಲು ಹೋತು ಅಂತ ತಿಳಕೋಬ್ಯಾಡ್ರಿ. ಪುಟದ ಲೆಕ್ಕ ಬ್ಯಾರೆ, ಮಾತಿನ ಲೆಕ್ಕ ಬ್ಯಾರೆ. ಅಕ್ಷರದ ಅಳತಿ, ಸಾಲಿನ ಉದ್ದ ಎರಡೂ ಆವೃತ್ತಿಯೊಳಗ ಒಂದೇ ಇರಂಗಿಲ್ಲ. ಅಧ್ಯಾಯ ಶುರು ಆಗೋ ಪುಟ, ಮುಗಿಯೋ ಪುಟ ಬಿಟ್ಟು, ನಡುವಿನ ತುಂಬಿದ ಪುಟ ಮೂರು ಆರಿಸಿ ಪದ ಎಣಿಸ್ರಿ, ಸರಾಸರಿ ತಗೀರಿ, ಆಮ್ಯಾಲೆ ಪುಟಸಂಖ್ಯೆಯಿಂದ ಗುಣಿಸ್ರಿ. ಎರಡೂ ಪ್ರತಿಗೆ ಇದನ್ನ ಮಾಡಿದ ಮ್ಯಾಲೇ ಎಷ್ಟು ಕತ್ತರಿಸ್ಯಾರ ಅಂತ ಮಾತಾಡಬೇಕು. ಆರಿಸಿದ ಪುಟ ಬರೇ ಸಂಭಾಷಣೆದ್ದು ಆಗಿರಬಾರದು, ಗಿಡ್ಡ ಸಾಲು ಬಂದು ಲೆಕ್ಕ ಕೆಡತೈತಿ.

ಹಳದಿಬೆನ್ನು

ಸರಿಯಾದ ಮಾತು. ಇನ್ನು ಕಥೆಗೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಎರಡರಲ್ಲೂ ಬೆನ್ನೆಲುಬು ಒಂದೇ. ಜೊಸಾಯಾ ಕ್ರೌಲಿ ಎಂಬ ಮುದುಕ ತೀರಿಕೊಂಡಿದ್ದಾನೆ. ಆಸ್ತಿಯೆಲ್ಲ ಜಂಬದ ಟಾಪಮ್ ಕುಟುಂಬದ ಪಾಲಾಗುವಂತಿದೆ. ಅವನು ಕೊನೆಗಾಲದಲ್ಲಿ ಇನ್ನೊಂದು ಉಯಿಲು ಬರೆದಿರಬೇಕು ಎಂದು ನ್ಯಾನ್ಸಿಗೆ ಅನುಮಾನ. ಅದರ ಸುಳಿವು ಹಳೆಯ ಗಡಿಯಾರದೊಳಗೆ, ಆ ಗಡಿಯಾರ ಟಾಪಮ್‌ಗಳ ಮೂನ್ ಲೇಕ್ ಬಂಗಲೆಯಲ್ಲಿ. ಅಲ್ಲಿಗೆ ಕಳ್ಳರು ನುಗ್ಗುತ್ತಾರೆ, ನ್ಯಾನ್ಸಿಯನ್ನು ಬೀರುವಿನಂಥ ಕಪಾಟುಕೋಣೆಯಲ್ಲಿ ಕೂಡಿಹಾಕುತ್ತಾರೆ.

ಬದಲಾದದ್ದು ಈ ಬೆನ್ನೆಲುಬಿಗೆ ಮಾಂಸ ತುಂಬಿದ ರೀತಿ. ಮೂಲದ ಮೊದಲ ಪುಟದಲ್ಲಿ ನ್ಯಾನ್ಸಿ ಅಪ್ಪನ ಓದುವ ಮೇಜಿನ ಬಳಿ ನಿಂತು ದುಡ್ಡೆಲ್ಲ ಟಾಪಮ್‌ಗಳಿಗೆ ಹೋಗುತ್ತದಲ್ಲ ಎಂದು ಕೊತಕೊತ ಕುದಿಯುತ್ತಿದ್ದಾಳೆ. ಓದುಗನಿಗೆ ಮೊದಲು ಸಿಗುವುದು ಅವಳ ಸಿಟ್ಟು, ನ್ಯಾಯದ ಪ್ರಶ್ನೆ. 1959ರದ್ದರಲ್ಲಿ ಅವಳು ಅಪ್ಪನ ಕಾಗದಪತ್ರ ತಲುಪಿಸಿ, ಹುಟ್ಟುಹಬ್ಬಕ್ಕೆ ಸಿಕ್ಕ ಕಡುನೀಲಿ ಕನ್ವರ್ಟಿಬಲ್ ಕಾರಿನಲ್ಲಿ ಮನೆಗೆ ಬರುತ್ತಿದ್ದಾಳೆ. ರಸ್ತೆಗೆ ಓಡಿಬಂದ ಜೂಡಿ ಎಂಬ ಪುಟ್ಟ ಹುಡುಗಿ ಸಾಮಾನು ಸಾಗಿಸುವ ವ್ಯಾನಿನಿಂದ ಕೂದಲೆಳೆಯಲ್ಲಿ ಪಾರಾಗಿ ಬೀಳುತ್ತಾಳೆ, ನ್ಯಾನ್ಸಿ ಕಾಪಾಡುತ್ತಾಳೆ. ಜೂಡಿ ಮೂಲದಲ್ಲಿ ಇಲ್ಲವೇ ಇಲ್ಲ.

ಜೂಡಿಯನ್ನು ತಂದದ್ದು ಸುಮ್ಮನೆ ಕರುಣೆ ಹುಟ್ಟಿಸಲು ಅಲ್ಲ. ಆ ವ್ಯಾನು ಅವಳನ್ನು ಸಾಕಿದ ಟರ್ನರ್ ಅಜ್ಜಿಯರ ಬೆಳ್ಳಿ ಸಾಮಾನು ಕದ್ದವರದು. ಮುಂದೆ ಮೂನ್ ಲೇಕಿನಲ್ಲಿ ಸಿಗುವವರೂ ಅವರೇ. ಮೂಲದಲ್ಲಿ ಕಳ್ಳರು ಮೊದಲರ್ಧದಲ್ಲಿ ಸುಳಿವೇ ಇಲ್ಲದೆ ಪುಸ್ತಕದ ಕೊನೆಯ ಭಾಗದಲ್ಲಿ ದಿಢೀರನೆ ಬರುತ್ತಾರೆ. ತಿದ್ದಿದ್ದರಲ್ಲಿ ಅವರ ಎಳೆ ಮೊದಲ ಅಧ್ಯಾಯದಲ್ಲೇ ಕಟ್ಟಿಕೊಳ್ಳುತ್ತದೆ. ಹೋಲಿಕೆ ಪಟ್ಟಿ ಮಾಡುವವರು 'ಜೂಡಿ ಸೇರ್ಪಡೆ' ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಬರೆಯಬೇಕಾದ್ದು 'ಕಳ್ಳರ ಪ್ರವೇಶ ಕಥೆಯ ಮೊದಲಿಗೇ ಬಂದಿದೆ' ಎಂದು.

ಹಾರ್ನರ್ ಅಕ್ಕತಂಗಿಯರು ಹೂವರ್ ಆದದ್ದು ಬರೀ ಹೆಸರಲ್ಲ. ಹೊಸದರಲ್ಲಿ ಆಲಿಸನ್‌ಗೆ ಹಾಡುವ ಪ್ರತಿಭೆ ಬಂದಿದೆ, ಸಂಗೀತ ಕಲಿಸುವ ಸಿನ್ಯೋರ್ ಮಸ್ಕಾನಿ ಬಂದಿದ್ದಾರೆ. ಉಯಿಲಿನ ದುಡ್ಡು ಯಾತಕ್ಕೆ ಬೇಕು ಎಂಬುದಕ್ಕೆ ಹೀಗೆ ಒಂದು ಕನಸು ಜೋಡಿಸಿದ್ದಾರೆ. ಮೂಲದಲ್ಲಿ ಅದು ಹೊಟ್ಟೆಬಟ್ಟೆಯ ಕಷ್ಟ, ಕನಸಲ್ಲ. ನನ್ನ ಮಟ್ಟಿಗೆ ಮೂಲವೇ ಹೆಚ್ಚು ತಟ್ಟುತ್ತದೆ.

ಮನೆಯೊಳಗೂ ಬದಲಾವಣೆ ಇದೆ. ಮೂಲದಲ್ಲಿ ನ್ಯಾನ್ಸಿಗೆ ಹತ್ತು ವರ್ಷವಿದ್ದಾಗ ತಾಯಿ ತೀರಿಕೊಂಡಳು, ಮನೆ ನಡೆಸುವವಳು ನ್ಯಾನ್ಸಿಯೇ, ಹ್ಯಾನಾ ಗ್ರುಯೆನ್ ಕೆಲಸದಾಕೆ. ತಿದ್ದಿದ್ದರಲ್ಲಿ ತಾಯಿ ಹೋದಾಗ ಮಗುವಿಗೆ ಮೂರೇ ವರ್ಷ. ಹಾಗಾಗಿ ಸಾಕಿ ಬೆಳೆಸಿದವಳು ಹ್ಯಾನಾ, ತಾಯಿಯಂಥವಳು. ಒಂದು ಅಂಕಿ ಬದಲಾಯಿಸಿದ್ದಕ್ಕೆ ಮನೆಯ ಯಜಮಾನಿಕೆಯೇ ಕೈ ಬದಲಾಯಿತು.

ತಿದ್ದುಪಡಿ_ಪ್ರಿಯೆ

ಹಳದಿಬೆನ್ನು ಅವರೇ, ನಿಮ್ಮ ಜೂಡಿ ವಿವರಣೆಯೇ ನನ್ನ ವಾದಕ್ಕೆ ಆಧಾರ. ಪತ್ತೇದಾರಿ ಕಥೆಯಲ್ಲಿ ಅಪರಾಧಿ ಕೊನೆಯಲ್ಲಿ ಆಕಾಶದಿಂದ ಉದುರಬಾರದು. ಆ ದೃಷ್ಟಿಯಿಂದ 1959ರ ಕಟ್ಟೋಣವೇ ಗಟ್ಟಿ. ಮೂಲ ಅಂದಾಕ್ಷಣ ಶ್ರೇಷ್ಠ ಅನ್ನೋದು ಸಂಗ್ರಾಹಕರ ಅಭ್ಯಾಸ, ಓದುಗರದಲ್ಲ. ಎಂಟು-ಹತ್ತು ವರ್ಷದ ಮಗುವಿಗೆ ಕೊಡೋದಾದ್ರೆ ನಾನು ಎರಡನೇ ಮಾತಿಲ್ಲದೆ ತಿದ್ದಿದ್ದನ್ನೇ ಕೊಡ್ತೀನಿ. ಬೇಗ ಓಡುತ್ತೆ, ಪ್ರತಿ ಅಧ್ಯಾಯದ ಕೊನೆಯಲ್ಲೂ ಮುಂದೇನು ಅನ್ನಿಸೋ ಕೊಕ್ಕೆ ಇರುತ್ತೆ.

ಮೂಲದಲ್ಲಿ ಇರೋದು ಗಾಳಿ, ಬೆಳಕು. ನ್ಯಾನ್ಸಿ ಒಬ್ಬಳೇ ಯೋಚಿಸುತ್ತಾ ಕಾರು ಓಡಿಸೋದು, ಮಳೆ ಬರೋದು, ಕೊಟ್ಟಿಗೆಯಲ್ಲಿ ನಿಲ್ಲೋದು ಇದಕ್ಕೆಲ್ಲ ಅಲ್ಲಿ ಜಾಗ ಇದೆ. ಹೊಸದರಲ್ಲೂ ಮಳೆ ಇದೆ, ಕೊಟ್ಟಿಗೆ ಇದೆ, ನಿಲ್ಲೋಕೆ ಪುರುಸೊತ್ತಿಲ್ಲ. ಅದು ನಷ್ಟ ಅಂತ ಒಪ್ತೀನಿ.

ಅಯೋವಾ_ಕನ್ನಡತಿ

ಮಗುವಿಗೆ ಯಾವುದು ಎಂಬ ಪ್ರಶ್ನೆಗೆ ಜೆಫ್ ಟಕರ್ ಭಾಗವನ್ನು ಎರಡರಲ್ಲೂ ಓದಿಯೇ ಉತ್ತರಿಸಬೇಕು.

ಜೆಫ್ ಟಕರ್ ಟಾಪಮ್ ಬಂಗಲೆಯ ಕಾವಲುಗಾರ. 1930ರಲ್ಲಿ ಅವನು ಕಪ್ಪು ಮನುಷ್ಯ. ಕಳ್ಳರು ಅವನಿಗೆ ಕುಡಿಸಿ ಮರುಳು ಮಾಡಿ ದೂರ ಕಳಿಸಿದ್ದಾರೆ. ಅವನ ಮಾತನ್ನು ನಗೆಪಾಟಲಾಗುವಂಥ ಒಡಕು ಕಾಗುಣಿತದಲ್ಲಿ ಬರೆದಿದ್ದಾರೆ, 16ರ ನ್ಯಾನ್ಸಿ ಅವನನ್ನು ಗದರುತ್ತಾಳೆ. ಅವಳನ್ನು ಕಪಾಟುಕೋಣೆಯಿಂದ ಬಿಡಿಸುವವನೇ ಅವನು, ಆದರೂ ಪುಸ್ತಕ ಅವನಿಗೆ ಮರ್ಯಾದೆ ಕೊಡುವುದಿಲ್ಲ. 1959ರಲ್ಲಿ ಅದೇ ಹೆಸರಿನವನು ಕುಡಿದಿಲ್ಲ. ಕಳ್ಳರು ಮೋಸದಿಂದ ಅವನನ್ನು ಶೆಡ್ಡಿನಲ್ಲಿ ಕೂಡಿಹಾಕಿರುತ್ತಾರೆ. ಮಾತು ಸಾಮಾನ್ಯ ಇಂಗ್ಲಿಷು. ಬಣ್ಣದ ಉಲ್ಲೇಖವೇ ಇಲ್ಲ.

ಅವಮಾನ ಹೋಯಿತು, ಅದು ಹೋಗಲೇಬೇಕಿತ್ತು. ಆದರೆ ಹೋದ ರೀತಿ ನೋಡಿ: ಅವಮಾನವನ್ನು ತೆಗೆದು ಆ ಮನುಷ್ಯನನ್ನು ಉಳಿಸಿಕೊಳ್ಳಲಿಲ್ಲ, ಕಪ್ಪು ಜನರನ್ನೇ ಪುಸ್ತಕದಿಂದ ಅಳಿಸಿದರು. 'ಹಿಡನ್ ಸ್ಟೇರ್‌ಕೇಸ್'ನಲ್ಲೂ ಹೀಗೆಯೇ. ಮೂಲದಲ್ಲಿ ಖಳನ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹೆಂಗಸನ್ನು ಕ್ರೂರವಾಗಿ ಚಿತ್ರಿಸಿದ್ದಾರೆ, ತಿದ್ದಿದ್ದರಲ್ಲಿ ಆ ಪಾತ್ರವೇ ಇಲ್ಲ. ಹೋಲಿಕೆ ಮಾಡುವವರು 'ತೆಗೆದದ್ದು' ಎಂಬ ಒಂದೇ ಕಾಲಮ್ಮಿನಲ್ಲಿ ಇದನ್ನು ತುಂಬಬೇಡಿ. ಮಾತನ್ನು ತೆಗೆದದ್ದು, ಗುರುತನ್ನು ತೆಗೆದದ್ದು, ಪಾತ್ರವನ್ನೇ ತೆಗೆದದ್ದು, ಇವು ಮೂರು ಬೇರೆ ಬೇರೆ ಕೆಲಸ.

ಮೂಲ ಪಠ್ಯವನ್ನು ಮಗುವಿನ ಕೈಗೆ ಒಂಟಿಯಾಗಿ ಕೊಡಬಾರದು ಎಂಬುದು ನನ್ನ ಖಚಿತ ನಿಲುವು. ಪಕ್ಕದಲ್ಲಿ ಕೂತು ಓದಿಸುವುದಾದರೆ ಸರಿ.

ತಿದ್ದುಪಡಿ_ಪ್ರಿಯೆ

ಅಳಿಸಿದ್ದು ಅನ್ನೋ ನಿಮ್ಮ ಮಾತು ಒಪ್ಪಲೇಬೇಕು ಮೇಡಂ. ಇಷ್ಟು ದಿನ ಇದನ್ನ 'ಸ್ವಚ್ಛ ಮಾಡಿದ್ದು' ಅಂತಲೇ ಬರೀತಿದ್ದೆ. ಇನ್ನು ಬರೆಯಲ್ಲ.

ಅಟ್ಟದಪೆಟ್ಟಿಗೆ

'ಹಿಡನ್ ಸ್ಟೇರ್‌ಕೇಸ್' ಹೆಸರು ಬಂತಲ್ಲ, ಅದರಲ್ಲಿ ನ್ಯಾನ್ಸಿ ಕೈಯಲ್ಲಿ ಪಿಸ್ತೂಲು ಇತ್ತಂತೆ, ಹೌದಾ?

ಹಳದಿಬೆನ್ನು

ಹೌದು, ರಿವಾಲ್ವರ್. ಮೂಲದಲ್ಲಿ ಭೂತದ ಕಾಟವಿದೆ ಎನ್ನುವ ಮನೆಗೆ ನ್ಯಾನ್ಸಿ ಒಬ್ಬಳೇ ಹೋಗುತ್ತಾಳೆ, ಅಪ್ಪನೇ ತನ್ನ ರಿವಾಲ್ವರ್ ಕೊಟ್ಟು ಕಳಿಸುತ್ತಾನೆ. 1959ರಲ್ಲಿ ರಿವಾಲ್ವರ್ ಇಲ್ಲ, ಒಂಟಿತನವೂ ಇಲ್ಲ: ಗೆಳತಿ ಹೆಲೆನ್ ಕಾರ್ನಿಂಗ್ ಜೊತೆಗಿದ್ದಾಳೆ. ಖಳ ನೇಥನ್ ಗಾಂಬೆಟ್ ಒಂದಕ್ಷರ ಬದಲಾಗಿ ಗಾಂಬರ್ ಆಗಿದ್ದಾನೆ, ರೈಲು ಕಂಪನಿಗೆ ಜಮೀನು ಮಾರಿದ ತಕರಾರು ಹೊಸದಾಗಿ ಸೇರಿದೆ. ಎರಡು ಮನೆಗಳ ನಡುವಿನ ಗುಪ್ತದಾರಿ ಮಾತ್ರ ಎರಡರಲ್ಲೂ ಇದೆ.

ಇಲ್ಲೊಂದು ಎಚ್ಚರ. ಈ ಮೊದಲ ಎರಡು ಪುಸ್ತಕ ನೋಡಿ, ಎಲ್ಲ ತಿದ್ದುಪಡಿಯೂ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ. ಇವು ಮೂಲದ ಬೆನ್ನೆಲುಬು ಉಳಿಸಿಕೊಂಡವು. 1960ರಲ್ಲಿ ತಿದ್ದಿದ 'ದಿ ಬಂಗಲೋ ಮಿಸ್ಟರಿ'ಯೂ ಈ ಗುಂಪಿಗೇ ಸೇರುತ್ತದೆ. 1961ರ 'ದಿ ಮಿಸ್ಟರಿ ಅಟ್ ಲೈಲಾಕ್ ಇನ್' ಹೊತ್ತಿಗೆ ಕಥೆಯೇ ಬಹುಪಾಲು ಬೇರೆ. 'ದಿ ಕ್ಲೂ ಆಫ್ ದಿ ಬ್ರೋಕನ್ ಲಾಕೆಟ್' 1934ರದ್ದಕ್ಕೂ 1965ರದ್ದಕ್ಕೂ ಹೆಸರೊಂದೇ ಸಮಾನ ಎನ್ನಬೇಕು. 'ಮಾಸ್-ಕವರ್ಡ್ ಮ್ಯಾನ್ಶನ್' 1971ರಲ್ಲಿ ಬಾಹ್ಯಾಕಾಶ ಕೇಂದ್ರದ ಕಥೆಯಾಗಿದೆ, 1941ರ ಪುಸ್ತಕದಲ್ಲಿ ಅದಕ್ಕೆ ಎಡೆಯೆಲ್ಲಿ! ಇಂಥವಕ್ಕೆ ಅಧ್ಯಾಯವಾರು ಹೋಲಿಕೆ ಮಾಡುವುದರಲ್ಲಿ ಅರ್ಥವಿಲ್ಲ, ಎರಡು ಪ್ರತ್ಯೇಕ ಕಾದಂಬರಿ ಎಂದೇ ಓದಬೇಕು.

ನ್ಯಾನ್ಸಿಯ ಗೆಳತಿಯರಾದ ಬೆಸ್ ಮತ್ತು ಜಾರ್ಜ್ ಮೊದಲು ಕಾಣಿಸುವ ಐದನೆಯ ಪುಸ್ತಕದ ಶೀರ್ಷಿಕೆಯೂ ತುಸು ಬದಲಾಗಿದೆ. 1931ರಲ್ಲಿ 'ದಿ ಸೀಕ್ರೆಟ್ ಅಟ್ ಶ್ಯಾಡೋ ರ್‍ಯಾಂಚ್', 1965ರಲ್ಲಿ 'ದಿ ಸೀಕ್ರೆಟ್ ಆಫ್ ಶ್ಯಾಡೋ ರ್‍ಯಾಂಚ್'. 'ಅಟ್' ಇದ್ದರೆ ಹಳೆಯದು.

ಸಪ್ತಾಪುರ_ಓದುಗ

ಅಣ್ಣತಮ್ಮ ಪತ್ತೇದಾರರ ಹಾರ್ಡಿ ಬಾಯ್ಸ್ ಸರಣಿ ಬಿಟ್ಟೇ ಬಿಟ್ರಲ್ರಿ. ಅದೇ ಸಿಂಡಿಕೇಟು, ಅದೇ ಪ್ರಕಾಶಕರು, ಅದೇ 1959. 'ದಿ ಟವರ್ ಟ್ರೆಷರ್' 1927ರಾಗ ಬಂದದ್ದು, ಬರದಾವ್ರು ಕೆನಡಾದ ಲೆಸ್ಲಿ ಮೆಕ್‌ಫರ್ಲೇನ್. ಅಣ್ಣ ಫ್ರ್ಯಾಂಕ್ 16, ತಮ್ಮ ಜೋ 15 ಇದ್ದಾವ್ರು ತಿದ್ದಿದ ಮ್ಯಾಲೆ 18, 17 ಆದ್ರು. ಇಲ್ಲೂ ಅಧ್ಯಾಯ 20ಕ್ಕ ಬಂತು. 38 ಪುಸ್ತಕ ತಿದ್ದಿ ಮುಗಿಸಿದ್ದು 1973ಕ್ಕ.

ಇಲ್ಲಿ ಹೋದದ್ದು ನಗಿ. ಮೂಲದಾಗ ಪೊಲೀಸ್ ಮುಖ್ಯಸ್ಥ ಕೊಲಿಗ್, ಪತ್ತೇದಾರ ಸ್ಮಫ್ ಅಂದ್ರ ಪೆದ್ದ ಜೋಡಿ. ಅವ್ರಿಗೆ ರೈಲು ತಪ್ಪಸಾಕ ಅಂತ ಹುಡುಗ್ರು ಹಣ್ಣಿನಂಗಡಿ ಹತ್ರ ಅಲಾರಾಂ ಗಡಿಯಾರದ ಪೊಟ್ಟಣ ಇಟ್ಟು ಬಾಂಬ್ ಅಂತ ಗದ್ದಲ ಎಬ್ಬಸ್ತಾರ. ಅಧಿಕಾರದಾಗಿದ್ದಾವ್ರನ್ನ ಮಕ್ಕಳು ಆಡ್ಕೊಂಡು ನಗೂದು ಮೆಕ್‌ಫರ್ಲೇನ್ ಬರವಣಿಗಿಯ ಜೀವ. 1959ರಾಗ ಆ ಪ್ರಸಂಗ ಪೂರಾ ಹೊಂಟೋಗೈತಿ, ಪೊಲೀಸ್ರು ಮರ್ಯಾದಸ್ಥರಾಗ್ಯಾರ. ಹಣ್ಣಿನಂಗಡಿಯ ಇಟಲಿ ಮೂಲದ ರೊಕ್ಕೋನ ಮಾತಿನ ಧಾಟಿ ಆಡ್ಕೊಳ್ಳೂದೂ ಅದ್ರ ಜೋಡಿ ಹೋತು, ಅದು ಹೋಗಿದ್ದು ಛಲೋನೇ. ಹುಡುಗ್ರ ಗೆಳೆಯ ಚೆಟ್ ಮಾರ್ಟನ್‌ನ ಹಳದಿ ರೋಡ್‌ಸ್ಟರ್ ಹಳೇ ಡಕೋಟ ಗಾಡಿ ಆಗಿ 'ಕ್ವೀನ್' ಅಂತ ಹೆಸರು ತಗೊಂಡೈತಿ. ನೀರಿನ ಟವರು, ಅಲ್ಲಿ ಹುಗಿಸಿಟ್ಟ ಒಡವಿ ಎರಡರಾಗೂ ಐತಿ.

ನ್ಯಾನ್ಸಿ ಪುಸ್ತಕದಾಗ ತಿದ್ದುಪಡಿ ಕಥೀ ಕಟ್ಟು ಗಟ್ಟಿ ಮಾಡೈತಿ ಅಂತ ತಿದ್ದುಪಡಿ_ಪ್ರಿಯೆ ಅಕ್ಕಾರು ಹೇಳಿದ್ರು, ಒಪ್ಪಿದೆ. ಹಾರ್ಡಿಯೊಳಗ ಆ ಸಮಾಧಾನಾನೂ ಸಿಗಂಗಿಲ್ಲ. ಬರೇ ಕಳಕೊಂಡದ್ದೇ ಹೆಚ್ಚು. 'ದಿ ಡಿಸಪಿಯರಿಂಗ್ ಫ್ಲೋರ್', 'ದಿ ಫ್ಲಿಕರಿಂಗ್ ಟಾರ್ಚ್ ಮಿಸ್ಟರಿ' ಇವಂತೂ ಪೂರಾ ಬ್ಯಾರೆ ಕಥಿ, ಹೆಸರಷ್ಟ ಹಳೇದು.

ಮುನ್ನುಡಿ

ಹೋಲಿಸುವ ಕ್ರಮದ ಬಗ್ಗೆ ಮೊದಲ ಪ್ರಶ್ನೆಯಲ್ಲೇ ಕೇಳಿದ್ದಾರೆ, ಯಾರೂ ಪೂರ್ತಿ ಹೇಳಿಲ್ಲ.

ಎರಡೂ ಪಠ್ಯವನ್ನು ಸ್ಕ್ಯಾನ್ ಮಾಡಿ, ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರಾಂಶ) ಹಾಕಿ, ಕಂಪ್ಯೂಟರಿನ ಹೋಲಿಕೆ ತಂತ್ರಾಂಶಕ್ಕೆ ಕೊಟ್ಟರೆ ಆಯಿತು ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಆ ತಂತ್ರಾಂಶಗಳು ಸಾಲಿಗೆ ಸಾಲು ಹೊಂದಿಸುತ್ತವೆ. ಇಲ್ಲಿ ಸಾಲುಗಳನ್ನು ತಿದ್ದಿಲ್ಲ, ಹೊಸದಾಗಿ ಬರೆದಿದ್ದಾರೆ. ಪರದೆಯ ತುಂಬ ಕೆಂಪು ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಒಂದೇ ಪಠ್ಯದ ಎರಡು ಮುದ್ರಣಗಳನ್ನು ಹೋಲಿಸುವಾಗ ಮಾತ್ರ ಅವು ಉಪಯೋಗ.

ಕೈಯಿಂದಲೇ ಮಾಡಬೇಕು, ಘಟಕ ಅಧ್ಯಾಯವಲ್ಲ, ದೃಶ್ಯ. ಜಾಗ ಬದಲಾದಾಗ ಅಥವಾ ಹೊತ್ತು ಬದಲಾದಾಗ ಹೊಸ ದೃಶ್ಯ ಎಂದು ಲೆಕ್ಕ. ಮೊದಲು ಮೂಲವನ್ನು ಮಾತ್ರ ಓದಿ, ಪ್ರತಿ ದೃಶ್ಯಕ್ಕೆ ಒಂದು ಚೀಟಿ ಮಾಡಿ: ಪುಟ, ಜಾಗ, ಯಾರು ಇದ್ದಾರೆ, ನ್ಯಾನ್ಸಿಗೆ ಇಲ್ಲಿ ಹೊಸದಾಗಿ ತಿಳಿದದ್ದೇನು, ಮುಂದಿನ ಜಾಗಕ್ಕೆ ಅವಳು ಹೋಗಲು ಕಾರಣವೇನು. ಈ ಕೊನೆಯ ಎರಡು ಬಹಳ ಮುಖ್ಯ. ಮೂಲ ಪೂರ್ತಿ ಮುಗಿದ ಮೇಲೆ ತಿದ್ದಿದ್ದಕ್ಕೆ ಬೇರೆ ಬಣ್ಣದ ಚೀಟಿ ಮಾಡಿ. ಒಂದೊಂದು ಅಧ್ಯಾಯ ಅದನ್ನೂ ಇದನ್ನೂ ಓದುತ್ತ ಹೋದರೆ ಎರಡು ನೆನಪು ಕಲಸಿಹೋಗಿ, ಇಲ್ಲದ ದೃಶ್ಯ ಇದೆ ಎಂದು ಬರೆದುಬಿಡುತ್ತೀರಿ. ಈ ಪುಸ್ತಕದ ಬಗ್ಗೆ ಓಡಾಡುವ ಎಷ್ಟೋ ತಪ್ಪು ಹೇಳಿಕೆಗಳು ಹುಟ್ಟಿರುವುದು ಹೀಗೆ.

ಆಮೇಲೆ ಚೀಟಿಗಳನ್ನು ನೆಲದ ಮೇಲೆ ಎರಡು ಸಾಲಾಗಿ ಹಾಸಿ. ಜೋಡಿ ಸಿಕ್ಕವು, ಜಾಗ ಬದಲಾದವು, ಒಂಟಿಯಾದವು ಎಂದು ಬೇರೆಮಾಡಿ. ಜೋಡಿ ಸಿಕ್ಕ ದೃಶ್ಯದಲ್ಲಿ ಸುಳಿವು ಯಾರ ಬಾಯಿಂದ ಬಂತು ನೋಡಿ. ನ್ಯಾನ್ಸಿ ತಾನೇ ಕಂಡುಕೊಂಡದ್ದೋ, ಬೇರೆಯವರು ಹೇಳಿದ್ದೋ? ತಿದ್ದಿದ್ದರಲ್ಲಿ ಅವಳ ಗಟ್ಟಿತನ ತಗ್ಗಿದೆ ಎಂದು ಕೆಲವರು ಮಾಡುವ ಆರೋಪವನ್ನು ಸಾಬೀತು ಮಾಡಬೇಕಾದ್ದೂ ತಳ್ಳಿಹಾಕಬೇಕಾದ್ದೂ ಈ ಲೆಕ್ಕದಿಂದ, ಅನಿಸಿಕೆಯಿಂದಲ್ಲ.

ಸ್ಕ್ಯಾನ್ ಮಾಡುವವರಿಗೆ: ಹಳೆಯ ಪ್ರತಿಯನ್ನು ಪೂರ್ತಿ ಬಿಚ್ಚಿ ಗಾಜಿನ ಮೇಲೆ ಒತ್ತಬೇಡಿ, ಬೆನ್ನು ಬಿರಿಯುತ್ತದೆ. ತೊಂಬತ್ತು-ನೂರು ಡಿಗ್ರಿಗಿಂತ ಹೆಚ್ಚು ತೆರೆಯದಂತೆ ಎರಡು ದಿಂಬಿನ ನಡುವೆ ಇಟ್ಟು ಮೇಲಿಂದ ಫೋಟೊ ತೆಗೆಯಿರಿ. ಅಂಚು ಕಂದಾಗಿ ಪುಡಿಯಾಗುವ ಕಾಗದಕ್ಕೆ ಅಂಟುಪಟ್ಟಿ ಹಚ್ಚಲೇಬೇಡಿ.

ಅಟ್ಟದಪೆಟ್ಟಿಗೆ

ಚೀಟಿ ಕ್ರಮ ಇವತ್ತೇ ಶುರು. ಮುದ್ರಣದ ವರ್ಷ ಕಂಡುಹಿಡಿಯೋದು ಹೇಗೆ? ಕಾಪಿರೈಟ್ ಪುಟದಲ್ಲಿ 1930 ಇದೆ, ಅಂದ್ರೆ ಪುಸ್ತಕ 1930ರದ್ದು ತಾನೇ?

ಹಳದಿಬೆನ್ನು

ಅಲ್ಲ. 1930 ಎಂಬುದು ಪಠ್ಯದ ವರ್ಷ. ಮೂಲ ಪಠ್ಯದ ಪ್ರತಿಯೊಂದು ಮರುಮುದ್ರಣವೂ ಅದೇ ವರ್ಷ ಹೊತ್ತಿರುತ್ತದೆ. ಮುದ್ರಣದ ಕಾಲ ತಿಳಿಯಲು ಪುಸ್ತಕದ ಒಳಗಿನ ಅಥವಾ ಜಾಕೆಟ್ಟಿನ ಮೇಲಿನ ಸರಣಿ ಪಟ್ಟಿ ನೋಡಬೇಕು. ಪಟ್ಟಿ ಯಾವ ಶೀರ್ಷಿಕೆಗೆ ನಿಲ್ಲುತ್ತದೋ, ಆ ಶೀರ್ಷಿಕೆ ಬಂದ ವರ್ಷಕ್ಕಿಂತ ಹಿಂದೆ ಈ ಪ್ರತಿ ಅಚ್ಚಾಗಿರಲಾರದು. ಉದಾಹರಣೆಗೆ ಪಟ್ಟಿಯಲ್ಲಿ 'ಮಾಸ್-ಕವರ್ಡ್ ಮ್ಯಾನ್ಶನ್' ಇದ್ದರೆ 1941 ಅಥವಾ ಆಮೇಲಿನದು.

ಜಾಕೆಟ್ ಮೇಲಿನ ಪಟ್ಟಿಯೂ ಪುಸ್ತಕದೊಳಗಿನ ಪಟ್ಟಿಯೂ ಬಹಳ ದೂರವಿದ್ದರೆ ಬೇರೆ ಪ್ರತಿಯ ಜಾಕೆಟ್ ತೊಡಿಸಿದ್ದಾರೆ ಎಂದು ಅನುಮಾನಿಸಿ. ಚಿತ್ರಗಳನ್ನೂ ಎಣಿಸಿ: ಮೊದಲ ವರ್ಷಗಳ ಪ್ರತಿಗಳಲ್ಲಿ ಟ್ಯಾಂಡಿಯವರ ನಾಲ್ಕು ಚಿತ್ರಗಳು ನುಣುಪು ಕಾಗದದಲ್ಲಿ ಇರುತ್ತವೆ. ಮೂವತ್ತರ ದಶಕದ ಕೊನೆಯಿಂದ ಶೀರ್ಷಿಕೆ ಪುಟದ ಎದುರಿನ ಒಂದೇ ಚಿತ್ರ ಉಳಿಯಿತು. ಮೊದಲ ಮುದ್ರಣಗಳಲ್ಲಿ ರಟ್ಟಿನ ಒಳಬದಿಯ ಹಾಳೆ ಖಾಲಿ. ಭೂತಗನ್ನಡಿ ಹಿಡಿದ ನ್ಯಾನ್ಸಿಯ ಕಿತ್ತಳೆ ನೆರಳುಚಿತ್ರ ಬಂದದ್ದು 1932ರಿಂದ.

ಆಪಲ್‌ವುಡ್ ಬುಕ್ಸ್ 1991ರಿಂದ ಮೂಲ ಪಠ್ಯ, ಚಿತ್ರ, ಜಾಕೆಟ್ ಎಲ್ಲವನ್ನೂ ಹಾಗೆಯೇ ನಕಲು ಮಾಡಿ ಅಚ್ಚು ಹಾಕಿದೆ. ಓದಲು, ಹೋಲಿಸಲು ಅದಕ್ಕಿಂತ ಒಳ್ಳೆಯ ಪ್ರತಿ ಬೇಡ. 1930ರ ಪ್ರತಿ ಎಂದು ಅದನ್ನೇ ದುಬಾರಿ ಬೆಲೆಗೆ ಮಾರುವವರಿದ್ದಾರೆ, ಕಾಪಿರೈಟ್ ಪುಟದ ಫೋಟೊ ಕೇಳದೆ ಹಣ ಕಳಿಸಬೇಡಿ.

ತಿದ್ದುಪಡಿ_ಪ್ರಿಯೆ

ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಹುಡುಕೋರಿಗೆ ಒಂದು ಮಾತು. ಇಲ್ಲಿ ಹೆಚ್ಚು ಸಿಗೋದು ಬ್ರಿಟನ್ನಿನ ಆರ್ಮಡಾ ಪೇಪರ್‌ಬ್ಯಾಕ್. ಅದರ ಬೆನ್ನಿನ ಮೇಲಿನ ಕ್ರಮಸಂಖ್ಯೆ ಅಮೆರಿಕದ ಸಂಖ್ಯೆಗೆ ಹೊಂದಲ್ಲ, ಸಂಖ್ಯೆ ನೋಡಿ ಪಟ್ಟಿ ಮಾಡಿದ್ರೆ ಗೊಂದಲ ಖಂಡಿತ. ಶೀರ್ಷಿಕೆಯಿಂದಲೇ ಗುರುತು ಇಟ್ಟುಕೊಳ್ಳಿ. ಕಾಗುಣಿತ ಬ್ರಿಟಿಷ್ ಮಾಡಿರ್ತಾರೆ, ಆದ್ದರಿಂದ ಪದಪದ ಹೋಲಿಕೆಗೆ ಈ ಪ್ರತಿ ಬಳಸಿದ್ರೆ ಅಮೆರಿಕದಲ್ಲಿ ಆಗದೇ ಇರೋ ತಿದ್ದುಪಡಿಗಳೂ ಪಟ್ಟಿಗೆ ಸೇರಿಕೊಳ್ತವೆ.

ಮುನ್ನುಡಿ

ಇದನ್ನು ಕನ್ನಡಕ್ಕೆ ತರುವ ಯೋಚನೆ ಇರುವವರು ಯಾವ ಪಠ್ಯ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. 1930ರ ನಾಲ್ಕು ಪುಸ್ತಕಗಳ ಮೂಲ ಪಠ್ಯ 2026ರ ಜನವರಿ 1ರಿಂದ ಅಮೆರಿಕದಲ್ಲಿ ಹಕ್ಕುಮುಕ್ತ, 'ಟವರ್ ಟ್ರೆಷರ್' ಮೂಲ 2023ರಿಂದಲೇ. ಆದರೆ 1959ರ ಪಠ್ಯಗಳು ಇನ್ನೂ ಹಕ್ಕಿನಲ್ಲಿವೆ. ಜೂಡಿ, ಮಸ್ಕಾನಿ, ಹೂವರ್ ಎಂಬ ಹೆಸರು ಇವೆಲ್ಲ ಆ ಪಠ್ಯದ ಸ್ವತ್ತು. ಓದಿ ನೆನಪಿನಲ್ಲಿ ಉಳಿದದ್ದು ಸಾಮಾನ್ಯವಾಗಿ ತಿದ್ದಿದ ಆವೃತ್ತಿ, ಆದ್ದರಿಂದ ಗೊತ್ತಿಲ್ಲದೆ ಜೂಡಿ ನುಸುಳುವ ಅಪಾಯ ನಿಜವಾಗಿಯೂ ಇದೆ. ನ್ಯಾನ್ಸಿ ಡ್ರೂ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ ಇದೆ, ಮುಖಪುಟದಲ್ಲಿ ಹೇಗೆ ಬಳಸುತ್ತೀರಿ ಎಂಬುದನ್ನು ವಕೀಲರಿಗೆ ತೋರಿಸಿ. ಭಾರತದಲ್ಲಿ ಹಕ್ಕಿನ ಅವಧಿಯ ಲೆಕ್ಕವೂ ಬೇರೆ, ಅದನ್ನೂ ಅವರಿಂದಲೇ ತಿಳಿಯಿರಿ.

ಅಯೋವಾ_ಕನ್ನಡತಿ

ಮೂಲವನ್ನು ಅನುವಾದಿಸುವವರು ಜೆಫ್ ಟಕರ್ ಮಾತನ್ನು ಇಲ್ಲಿನ ಯಾವುದೋ ಊರಿನ, ಯಾವುದೋ ಜನರ ಕನ್ನಡಕ್ಕೆ ಇಳಿಸಬೇಡಿ, ದಯವಿಟ್ಟು. ಅಲ್ಲಿನ ಅವಮಾನವನ್ನು ತಂದು ಇಲ್ಲಿನವರ ತಲೆಗೆ ಕಟ್ಟಿದಂತಾಗುತ್ತದೆ. ಎಲ್ಲರಂತೆ ಮಾತಾಡಿಸಿ, ಮೂಲದಲ್ಲಿ ಮಾತು ಹೇಗಿತ್ತು ಎಂಬುದನ್ನು ಮುನ್ನುಡಿಯಲ್ಲಿ ಹೇಳಿ.

ಸಪ್ತಾಪುರ_ಓದುಗ

ನಮ್ಮ ಕಡೆ ಮಾತನ್ನ ಅಂಥಾ ಪಾತ್ರಕ್ಕ ಅಂಟಿಸಿದ ಅನುವಾದ ಓದೂ ಮನಸ್ಸು ನಮಗಂತೂ ಇಲ್ಲ. ಅಕ್ಕಾರು ಹೇಳಿದ್ದ ಖರೆ.

ಅಟ್ಟದಪೆಟ್ಟಿಗೆಯವರೇ, ಚೀಟಿ ಮಾಡಾಕ ಕುಂತಾಗ ಒಂದು ಕಾಲಮ್ ಹೆಚ್ಚಿಗಿ ಹಾಕ್ರಿ: ಆ ದೃಶ್ಯದಾಗ ಕಾರು ಯಾರು ಓಡಸ್ತಾರ, ಪಕ್ಕದಾಗ ಯಾರು ಕುಂತಾರ ಅಂತ. ಮೂಲದ ನ್ಯಾನ್ಸಿ ಎಷ್ಟು ಮೈಲಿ ಒಬ್ಬಾಕಿನೇ ಹೋಗ್ಯಾಳ ಅನ್ನೂದು ಅಲ್ಲೇ ಸಿಗತೈತಿ.

ಅಟ್ಟದಪೆಟ್ಟಿಗೆ

ಹಾಕಿದೆ. ಮೂಲದ ಮೊದಲ ಐದು ಅಧ್ಯಾಯದ ಚೀಟಿ ಮುಗಿದ ಮೇಲೆ ಇಲ್ಲೇ ಹಾಕ್ತೀನಿ, ಪುಟಸಂಖ್ಯೆ ಸಮೇತ. ತಪ್ಪಿದ್ರೆ ತಿದ್ದಿ.